ಒಂದು ಸ್ವರಕ್ಕೆ ಮೂರು ತಂತಿ

ಪಿಯಾನೋದ ಹೊಟ್ಟೆಯೊಳಗೆ ಕೈಯಿಟ್ಟು ಬದುಕಿದವಳು ನಾನು, ಯುಟ್ಟೆ.
ಆಲ್ಬೋರ್ಗಿನ ಶಾಲೆ, ಇಗರ್ಜಿ, ಮುದುಕರ ಮನೆಗಳಲ್ಲಿ
ನನ್ನ ಚೀಲ ಕಂಡರೆ ಟಿವಿ ಆರಿಸುತ್ತಾರೆ.
ಒಂದು ಸ್ವರಕ್ಕೆ ಅಲ್ಲಿ ಮೂರು ತಂತಿ.
ಎರಡರ ಬಾಯಿಗೆ ಉಣ್ಣೆಯ ಬಿರಡೆ ತುರುಕಿ
ಒಂದನ್ನೇ ಕೇಳಬೇಕು. ಆಮೇಲೆ ಇನ್ನೊಂದು. ಆಮೇಲೆ ಎರಡನ್ನೂ ಕೂಡಿಸಿ,
ನಡುವೆ ತೂಗುವ ಆ ವಾಂವ್‌ವಾಂವ್ ಅಲೆ
ಅಡಗುವ ತನಕ.

ಆ ಅಲೆ ಒಂದು ದಿನ ನನ್ನ ಬಲಗಣ್ಣಿನ ಹಿಂದೆ ಬಂದು ಕೂತಿತು.

ಮೊದಲು ವಾರಕ್ಕೆರಡು ಮಾತ್ರೆ.
ಆಮೇಲೆ ಕೆಲಸಕ್ಕೆ ಹೊರಡುವ ಮುಂಚೆ ಒಂದು,
ನೋವು ಬಂದೀತೆಂಬ ಭಯಕ್ಕೆ ಒಂದು,
ಸದ್ಯ, ಬರಲಿಲ್ಲವಲ್ಲ ಎಂಬ ಸಮಾಧಾನಕ್ಕೆ ಇನ್ನೊಂದು.
ಔಷಧದಂಗಡಿಯಲ್ಲಿ ಒಬ್ಬರಿಗೆ ಒಂದೇ ಡಬ್ಬಿ;
ಅದಕ್ಕೇ ನನ್ನ ಸೈಕಲ್ಲು ಮೂರು ಅಂಗಡಿ ಸುತ್ತಿ ಮನೆ ಸೇರುತ್ತಿತ್ತು.
ನೋವಿನಿಂದಲೇ ಕೈಗಡ ತಂದು ನೋವಿಗೇ ತೀರಿಸುತ್ತಿದ್ದೆ.
ಬಡ್ಡಿ ಬೆಳಗಿನ ನಾಲ್ಕಕ್ಕೆ ಬಂದು ಬಾಗಿಲು ಬಡಿಯುತ್ತಿತ್ತು.

"ಈಗ ನಿಮ್ಮ ತಲೆನೋವು ಅಂದರೆ ಆ ಮಾತ್ರೆಗಳೇ" ಎಂದರು ಡಾಕ್ಟರು.
ನಗು ಬಂತು. ನಕ್ಕರೂ ನೋಯುತ್ತಿತ್ತು.

ಯಾವ ದಾರಿ ಮೇಲೆಂದು ನೋಡಲು ಆಸ್ಪತ್ರೆಯವರು ಚೀಟಿ ಎತ್ತಿದರು.
ನನಗೆ ಬಂದದ್ದು: ಎಲ್ಲ ಬಿಡು, ಎರಡು ತಿಂಗಳು, ಬದಲಿಗೆ ಏನೂ ಇಲ್ಲ.
ಬಸ್ಸು ಓಡಿಸುವ ಪ್ರೆಬೆನ್‌ಗೆ: ಏನೂ ಬಿಡಬೇಡ,
ನೋವು ತಡೆಯುವ ಬೇರೊಂದು ಮದ್ದನ್ನು ದಿನಾ ನುಂಗು.
ಶಾಲೆಯ ಅಡುಗೆಮನೆಯ ನುರ್ಜಾನ್‌ಗೆ ಎರಡೂ: ಅದನ್ನು ಬಿಡು, ಇದನ್ನು ಹಿಡಿ.
ಪ್ರೆಬೆನ್‌ನ ಚೀಟಿಯ ಮೇಲೆ ನನಗೆ ಎಂಥ ಹೊಟ್ಟೆಕಿಚ್ಚು!

ಮೂರನೆಯ ದಿನ ಪರದೆ ಎಳೆದು, ಬಕೆಟ್ಟು ಪಕ್ಕಕ್ಕಿಟ್ಟು ಮಲಗಿದೆ.
ಜನವರಿ. ಹೊರಗೂ ಕತ್ತಲೆಯೇ, ಪರದೆ ಯಾಕೆ ಬೇಕಿತ್ತೋ.
ಪಕ್ಕದ ಮನೆಯ ಹುಡುಗ ಹಿಮ ಕೆರೆಯುತ್ತಿದ್ದ,
ಪ್ರತಿ ಗುದ್ದಲಿಯೂ ನನ್ನ ಹಣೆಯಲ್ಲಿ.
ಐದನೆಯ ದಿನ ಕಸದ ತೊಟ್ಟಿ ತಡಕಿದೆ. ಎಸೆದಿದ್ದ ಡಬ್ಬಿ ಸಿಕ್ಕಿತು,
ಒಳಗೆ ಹತ್ತಿಯ ಉಂಡೆ ಮಾತ್ರ.
ಅದನ್ನೇ ಮೂಸಿದೆ. ಇದನ್ನು ಯಾರಿಗೂ ಹೇಳಿಲ್ಲ.
ಹತ್ತನೆಯ ದಿನವೋ ಹನ್ನೊಂದೋ, ಹಸಿವಾಯಿತು.

ಆರು ತಿಂಗಳಾದ ಮೇಲೆ ಆಸ್ಪತ್ರೆಯ ಕಾಫಿ ಕೋಣೆಯಲ್ಲಿ
ಮೂವರೂ ನಮ್ಮ ನಮ್ಮ ನೋವಿನ ದಿನಚರಿ ಬಿಚ್ಚಿದೆವು,
ಇಸ್ಪೀಟಿನ ಎಲೆ ಬಿಚ್ಚಿದಂತೆ.
ತಿಂಗಳಿಗೆ ಇಪ್ಪತ್ತಾರು ಇದ್ದದ್ದು ನನಗೀಗ ಹದಿನಾಲ್ಕು.
ಪ್ರೆಬೆನ್‌ನದು ಹದಿನೈದು,
ಅವನ ಜೇಬು ಇನ್ನೂ ಗಲಗಲ ಅನ್ನುತ್ತದೆ, ಮೊದಲಿಗಿಂತ ಮೆತ್ತಗೆ.
ನುರ್ಜಾನ್‌ಳದು ಒಂಬತ್ತು. ಆದರೆ ಬೆರಳ ತುದಿ ಜುಮ್ಮೆನ್ನುತ್ತದೆಯಂತೆ,
ಹಿಟ್ಟು ಬೆಚ್ಚಗಿದೆಯೋ ಇಲ್ಲವೋ ಕೈಗೆ ತಿಳಿಯದಂತೆ.
"ಗೆದ್ದೆ" ಎಂದ ಪ್ರೆಬೆನ್. ಅವಳು ಬೆರಳುಗಳನ್ನು ಕಾಫಿ ಲೋಟಕ್ಕೊತ್ತಿ
"ಹೌದಾ?" ಎಂದಳು.

ನಾನು ಏನೂ ಹೇಳಲಿಲ್ಲ. ನನ್ನ ಕಸುಬಿಗೆ ಗೊತ್ತಿರುವುದು ಇಷ್ಟೇ:
ಬಿಗಿದ ತಂತಿ ಅಲ್ಲೇ ನಿಲ್ಲುವುದಿಲ್ಲ.
ಚಳಿಗೆ, ಒಲೆಯ ಕಾವಿಗೆ, ಸುಮ್ಮನೆ ಹಳೆಯ ಚಾಳಿಗೆ
ಮೆಲ್ಲಗೆ ಜಾರುತ್ತದೆ. ವರ್ಷ ಕಳೆದು ಮತ್ತೆ ಕರೆಯುತ್ತಾರೆ,
ಮತ್ತೆ ಚೀಲ ಹೊತ್ತು ಹೋಗುತ್ತೇನೆ.

ಮೊನ್ನೆ ಗುರುವಾರ ಇಗರ್ಜಿಯ ಹಜಾರದಲ್ಲಿ
ಬಲಗಣ್ಣಿನ ಹಿಂದೆ ಅದು ಶುರುವಾಯಿತು.
ಕೋಟಿನ ಜೇಬಿಗೆ ಕೈ ತಾನಾಗಿ ಹೋಯಿತು. ಒಂದು ಬಿರಡೆ ಸಿಕ್ಕಿತು, ಉಣ್ಣೆಯದು.
ಅದನ್ನು ಹಿಡಿದುಕೊಂಡೇ ಮಣೆಯ ಮೇಲೆ ಕೂತೆ.
ನೋವು ಬಂತು, ಇತ್ತು, ತುಂಬಾ ಹೊತ್ತು ಇತ್ತು,
ಮಧ್ಯಾಹ್ನ ಮೂರರ ಹೊತ್ತಿಗೆ ಹೋಯಿತು.

ಎಷ್ಟೋ ವರ್ಷದ ಮೇಲೆ
ನಾನು ಕಳಿಸದೆ ತಾನಾಗಿ ಹೋದದ್ದು.
ಬಾಗಿಲು ಹಾಕಿಕೊಂಡಂಥ ಸದ್ದು ಕೂಡ ಕೇಳಿಸಲಿಲ್ಲ.
ನಡುವಿನ ತಂತಿ ಇನ್ನೂ ಸ್ವಲ್ಪ ಇಳಿದಿತ್ತು. ಎದ್ದೆ.